ಆಯುಧಪೂಜೆಯ ದಿನ ಓಡಿದ ಲೇತ್

ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳಲು ಶುರುಮಾಡಿದರೆ ನಾನು ಮೊದಲು ಕೇಳುತ್ತಿದ್ದುದು, "ಆ ಹೊತ್ತಿಗೆ ನಿಮಗೆ ಊಟ ಆಗಿತ್ತೋ ಇಲ್ಲವೋ?" ಎಂದು. ಹಸಿದ ಹೊಟ್ಟೆಯವರಿಗೆ ಏನು ಬೇಕಾದರೂ ಕಾಣಿಸುತ್ತದೆ, ತುಂಬಿದ ಹೊಟ್ಟೆಯವರಿಗೆ ಅದಕ್ಕಿಂತ ಹೆಚ್ಚು ಕಾಣಿಸುತ್ತದೆ ಎಂದು ನಗಿಸುತ್ತಿದ್ದೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಕಬ್ಬಿಣದ ಸಾಮಾನುಗಳಿಗೆ ನಿಕ್ಕಲ್ ಲೇಪಿಸುವ ತೊಟ್ಟಿಗಳ ದ್ರಾವಣವನ್ನು ದಿನವೂ ಪರೀಕ್ಷಿಸಿ ನೋಡುವುದು ನನ್ನ ಕೆಲಸ. ಪರೀಕ್ಷೆಗೆ ಸಿಕ್ಕದ್ದು ಉಂಟು, ಸಿಕ್ಕದಿದ್ದುದು ಇಲ್ಲ ಎಂಬುದು ಆ ಕೆಲಸದಿಂದ ಬಂದ ಅಭ್ಯಾಸ. ಈಗ ನಾನು ಬರೆಯಹೊರಟದ್ದನ್ನು ಓದಿ ನೀವು ನನ್ನನ್ನೂ ಅದೇ ಪ್ರಶ್ನೆ ಕೇಳಬಹುದು. ಮೊದಲೇ ಹೇಳಿಬಿಡುತ್ತೇನೆ, ಆ ದಿನ ನಾನು ಬೆಳಗಿನ ಕಾಫಿ ಬಿಟ್ಟು ಬೇರೇನೂ ತೆಗೆದುಕೊಂಡಿರಲಿಲ್ಲ. ಆದರೆ ಹಸಿವಿನಿಂದ ಉಕ್ಕಿನ ಕಡ್ಡಿ ಹುಟ್ಟುವುದನ್ನು ನಾನು ಎಲ್ಲೂ ಓದಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ನಾನು ಮತ್ತು ನನ್ನ ಹೆಂಡತಿ ನಳಿನಿ ನಾಗಸಂದ್ರದಲ್ಲಿ ಗಂಗಮ್ಮ ಎಂಬುವವರ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದೆವು. ಗಂಗಮ್ಮನವರ ಹೊಲದಲ್ಲಿ ಅರ್ಧ ಕಾರ್ಖಾನೆಗಳಿಗೆ ಹೋಗಿತ್ತು, ಉಳಿದರ್ಧದಲ್ಲಿ ರಾಗಿ ಬೆಳೆಯುತ್ತಿದ್ದರು. ಹಗಲು ಕಾರ್ಖಾನೆಯ ಸೈರನ್ನು, ಸಂಜೆಯಾದರೆ ಕಪ್ಪೆಯ ಸದ್ದು. ಪೇಟೆಗೆ ಹೋಗಬೇಕಾದರೆ ತುಮಕೂರು ರಸ್ತೆಯವರೆಗೆ ನಡೆದು, ಬಸ್ಸು ಬಂದರೆ ಹತ್ತಬೇಕು. ಆಟೋದವರಿಗೆ ನಾಗಸಂದ್ರ ಎಂದರೆ ತುಮಕೂರು ಎಂದೇ ಕೇಳಿಸುತ್ತಿತ್ತೋ ಏನೋ, ಮುಖ ತಿರುಗಿಸಿಬಿಡುತ್ತಿದ್ದರು.

ನಮ್ಮ ಮೊದಲ ಮಗು ಆ ರಸ್ತೆಯಲ್ಲಿ ಹೋಯಿತು. ನಳಿನಿಗೆ ಹೆರಿಗೆಯ ನೋವು ಕಾಣಿಸಿಕೊಂಡಾಗ ಬಸ್ಸಿಗೆ ಕಾದೆವು, ಬರಲಿಲ್ಲ. ಕೈ ಅಡ್ಡ ಹಿಡಿದು ನಿಂತೆ, ಬಹಳ ಹೊತ್ತಿನ ಮೇಲೆ ಒಬ್ಬ ಲಾರಿಯವನು ನಿಲ್ಲಿಸಿದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಇನ್ನೂ ಸ್ವಲ್ಪ ಬೇಗ ಬಂದಿದ್ದರೆ ಎಂದು ಶುರುಮಾಡಿ ಮಾತು ಅಲ್ಲಿಗೇ ನಿಲ್ಲಿಸಿದರು. ಗಂಡು ಮಗು. ನಳಿನಿ ಮನೆಗೆ ಬಂದ ಮೇಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಅವಳು ಎರಡನೇ ಸಲ ಬಸುರಿಯಾದಾಗ ಮಾತ್ರ ನಾನು ಒಂದು ತೀರ್ಮಾನಕ್ಕೆ ಬಂದೆ: ಈ ಸಲ ಬಾಗಿಲ ಮುಂದೆ ನಮ್ಮದೇ ಒಂದು ಗಾಡಿ ನಿಂತಿರಬೇಕು.

ಆಗ ಹೊಸ ಕಾರು ಎಂದರೆ ಹೆಸರು ಬರೆಸಿ ಇಟ್ಟು ವರ್ಷಗಟ್ಟಲೆ ಕಾಯಬೇಕಿತ್ತು. ಕಾಯುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಕಾರ್ಖಾನೆಯ ಕಾವಲುಗಾರ ಮಾದನಾಯಕನಹಳ್ಳಿಯವನು, ತಮ್ಮೂರ ಪಟೇಲರ ಮನೆಯಲ್ಲಿ ಒಂದು ಕಾರು ಸುಮ್ಮನೆ ನಿಂತಿದೆ ಎಂದ. ಹೋಗಿ ನೋಡಿದೆ. ದನದ ಕೊಟ್ಟಿಗೆಯ ಒಂದು ಮೂಲೆಯಲ್ಲಿ, ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವು ಕೂತ ಸ್ಥಿತಿಯಲ್ಲಿ, ಆ ಕಾರು ಇತ್ತು. ನನಗಿಂತ ವಯಸ್ಸಾದ, ಗುಂಡಗಿನ ಬೆನ್ನಿನ ಇಂಗ್ಲಿಷ್ ಕಾರು. ಅದರ ಹೆಸರು ಬರೆಯುವುದಿಲ್ಲ, ಅಂಥ ಕಾರುಗಳ ಅಭಿಮಾನಿಗಳು ಈಗ ಬಹಳ ಇದ್ದಾರೆ, ನಾನು ಅದಕ್ಕೆ ಮಾಡಿದ್ದನ್ನೆಲ್ಲ ಓದಿ ಜಗಳಕ್ಕೆ ಬಂದಾರು. ಪಟೇಲರ ತಂದೆಯ ಕಾಲದಲ್ಲಿ ಓಡಿತ್ತಂತೆ. ನಿಂತ ಮೇಲೂ ಮನೆಯವರು ಪ್ರತಿ ವರ್ಷ ಆಯುಧಪೂಜೆಗೆ ಅದನ್ನು ತೊಳೆದು, ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಿದ್ದರು. ಬಾನೆಟ್ಟಿನ ಮೇಲೆ ಕುಂಕುಮ ಪದರ ಪದರವಾಗಿ ಗಟ್ಟಿಯಾಗಿತ್ತು.

ಕಾರಿನ ಬಗ್ಗೆ ನನಗೆ ಗೊತ್ತಿದ್ದದ್ದು ಅದಕ್ಕೆ ನಾಲ್ಕು ಚಕ್ರ ಇರುತ್ತದೆ ಎಂಬುದಷ್ಟೇ. ತಿಳಿದವರು ಇಂಜಿನ್ ನೋಡುತ್ತಾರೆ, ಅಡಿಯಲ್ಲಿ ತುಕ್ಕು ನೋಡುತ್ತಾರೆ. ನಾನು ಬಾಗಿಲು ತೆಗೆದು ಹಾಕಿದೆ, ಟಪ್ ಎಂದು ಒಳ್ಳೆಯ ಸದ್ದು ಬಂತು, ಒಪ್ಪಿಕೊಂಡುಬಿಟ್ಟೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಮನೆಗೆ ಬಂದಾಗ ನಳಿನಿ ಬಾಗಿಲಲ್ಲಿ ನಿಂತು ನೋಡಿದಳು.

"ಅದು ನಮ್ಮನ್ನ ಕರ್ಕೊಂಡ್ಹೋಗತ್ತೋ, ಇಲ್ಲಾ ನಾವೇ ಅದನ್ನ ಕರ್ಕೊಂಡ್ಹೋಗ್ಬೇಕೋ?" ಎಂದಳು.

ಅಲ್ಲಿಂದ ಮುಂದೆ ನನ್ನ ಭಾನುವಾರಗಳೆಲ್ಲ ಜೆ.ಸಿ. ರಸ್ತೆಗೂ ಶಿವಾಜಿನಗರದ ಗುಜರಿ ಅಂಗಡಿಗಳಿಗೂ ಹೋದವು. ಅಂಗಡಿಯವರು ಕಾರಿನ ಹೆಸರು ಕೇಳಿದೊಡನೆ ನಗುತ್ತಿದ್ದರು. ಒಬ್ಬ ಸಾಬರು ಮಾತ್ರ ನಗದೆ, ಗೋಡೆಯವರೆಗೆ ಪೇರಿಸಿದ್ದ ಕಬ್ಬಿಣದ ರಾಶಿಯನ್ನು ತೋರಿಸಿ, "ಇದರೊಳಗೆ ಇದೆ ಸಾರ್, ನಿಮ್ಗೆ ಕಂಡ್ರೆ ತಗೊಳ್ಳಿ" ಎನ್ನುತ್ತಿದ್ದರು. ನನಗೆ ಕಂಡದ್ದೆಲ್ಲ ಬೇರೆ ಕಾರಿನದು. ಒಮ್ಮೆ ಬಹಳ ಸಂತೋಷದಿಂದ ಒಂದು ಬ್ರೇಕ್ ಸಿಲಿಂಡರ್ ಹೊತ್ತು ತಂದೆ, ಅದು ಯಾವುದೋ ವ್ಯಾನಿನದು ಎಂದು ಗೊತ್ತಾಗಲು ಇಡೀ ದಿನ ಹಿಡಿಯಿತು. ಸಿಗದ ಭಾಗಗಳಿಗೆ ಪೀಣ್ಯದಲ್ಲಿ ಬೇರೆಯದೇ ಒಂದು ದಾರಿ ಇತ್ತು. ಹಳೆಯ ಭಾಗವನ್ನು ಸ್ಯಾಂಪಲ್ ಎಂದು ಲೇತ್ ಶೆಡ್ಡಿಗೆ ಕೊಟ್ಟರೆ, ಅದನ್ನು ನೋಡಿಕೊಂಡು ಹೊಸದನ್ನು ಕಡೆದು ಕೊಡುತ್ತಿದ್ದರು. ನಮ್ಮ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅಂಥ ಒಂದು ಶೆಡ್ಡು. ಅಲ್ಲಿ ಲೇತ್ ಓಡಿಸುವ ಟರ್ನರ್ ಬೈಲಪ್ಪ ನೆಲಮಂಗಲದ ಆಚೆಯ ಹಳ್ಳಿಯವನು, ನನಗಿಂತ ಸ್ವಲ್ಪ ದೊಡ್ಡವನು. ನನ್ನ ಕಾರಿನ ಅರ್ಧ ಹೊಟ್ಟೆಯನ್ನು ತುಂಬಿಸಿದವನು ಅವನೇ. ಹೀಗೆ ತೇಪೆ ಹಾಕಿಕೊಂಡು, ನಳಿನಿಗೆ ಏಳನೇ ತಿಂಗಳಾಗುವ ಹೊತ್ತಿಗೆ ಕಾರು ಓಡತೊಡಗಿತು. ಕಾರ್ಖಾನೆಯ ರಸ್ತೆಯಲ್ಲಿ ಬೀಳುತ್ತಾ ಏಳುತ್ತಾ ನಾನೂ ಓಡಿಸಲು ಕಲಿತೆ.

ನವರಾತ್ರಿಯ ನಡುವೆ ಕಾರು ಕೆಟ್ಟಿತು. ರೇಡಿಯೇಟರಿನ ನೀರನ್ನು ಇಂಜಿನ್ನಿಗೆ ತಳ್ಳುವ ಪಂಪಿನ ಒಳಗೆ ಬೆರಳಿಗಿಂತ ಸ್ವಲ್ಪ ಉದ್ದದ ಒಂದು ಉಕ್ಕಿನ ಕಡ್ಡಿ ಇರುತ್ತದೆ, ಅದು ಮುರಿದು ಎರಡಾಗಿತ್ತು. ಅದಿಲ್ಲದೆ ಕಾರು ಓಡಿಸಿದರೆ ಇಂಜಿನ್ ಕಾದು ಕಚ್ಚಿಕೊಳ್ಳುತ್ತದೆ. ನಾನೇ ಹೇಗೋ ಪಂಪು ಬಿಚ್ಚಿ, ಎರಡೂ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಬೈಲಪ್ಪನ ಹತ್ತಿರ ಹೋದೆ. ಅವನು ಆಗಷ್ಟೇ ಲೇತನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ವಿಭೂತಿ ಹಚ್ಚಿದ್ದ. ನೆಲಕ್ಕೆ ನೀರು ಹಾಕಿ ರಂಗೋಲಿಗೆ ಜಾಗ ಮಾಡಿದ್ದರು. ಬೂದುಗುಂಬಳಕಾಯಿಗಳು ಬಾಗಿಲ ಬಳಿ ಸಾಲಾಗಿ ಕೂತಿದ್ದವು.

"ಮಿಷಿನ್ ತೊಳ್ದು ಈಬೂತಿ ಹಚ್ಚಾಗದೆ ಸಾರ್. ಇನ್ನು ಹಬ್ಬ ಕಳಿಯೋಗಂಟ ಟೂಲ್ ಇಕ್ಕಂಗಿಲ್ಲ" ಎಂದ ಬೈಲಪ್ಪ. "ಸ್ಯಾಂಪಲ್ ಇಲ್ಲೇ ಬುಟ್ಟೋಗಿ, ಪೂಜೇಲಿ ಇಕ್ತೀನಿ. ಹಬ್ಬ ಆಗ್ತಿದ್ದಂಗೆ ಫಸ್ಟು ನಿಮ್ ಕೆಲ್ಸಾನೆ."

ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪೂಜೆ ಮಾಡಿಸಿಕೊಂಡ ಯಂತ್ರ ಹಬ್ಬ ಮುಗಿಯುವವರೆಗೆ ವಿಶ್ರಾಂತಿಯಲ್ಲಿರುತ್ತದೆ. ಎಬ್ಬಿಸಿದರೆ ಅದು ಎಬ್ಬಿಸಿದವನ ಕೈಯನ್ನೇ ಕತ್ತರಿಸಿಬಿಡುತ್ತದೆ ಎಂಬ ನಂಬಿಕೆ. ಆ ಶೆಡ್ಡಿನ ಯಜಮಾನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೇನ್ ಬೋರ್ಡಿನ ಫ್ಯೂಸುಗಳನ್ನೇ ಕಿತ್ತು ರಾಜಾಜಿನಗರದ ತಮ್ಮ ಮನೆಗೆ ಒಯ್ದು ದೇವರ ಮುಂದೆ ಇಡುತ್ತಿದ್ದರು. ದೇವರ ಭಯ ಎಷ್ಟೋ, ರಜೆಯಲ್ಲಿ ಕೆಲಸಗಾರರು ಹೊರಗಿನ ಕೆಲಸ ಮಾಡಿಕೊಂಡಾರು ಎಂಬ ಭಯ ಎಷ್ಟೋ, ನನಗೆ ಗೊತ್ತಿಲ್ಲ. ನಾನು ಬೈಲಪ್ಪನ ಜೊತೆ ಸ್ವಲ್ಪ ವಾದ ಮಾಡಿದೆ. ಉಕ್ಕಿಗೆ ಹಬ್ಬ ಗೊತ್ತಾಗುತ್ತದೆಯೇ ಎಂದೆಲ್ಲ ಕೇಳಿದೆ. ಅವನು ನಕ್ಕು ತುಂಡುಗಳಿಗೆ ಕೈ ಚಾಚಿದ. ನಳಿನಿಗೆ ದಿನ ತುಂಬಲು ಇನ್ನೂ ವಾರಗಳಿದ್ದುದರಿಂದ ನಾನೂ ತುಂಡುಗಳನ್ನು ಬಿಟ್ಟು ಬಂದೆ.

ಆಯುಧಪೂಜೆಯ ದಿನ ಬೆಳಗ್ಗೆಯೇ ನಳಿನಿ ಗೋಡೆ ಹಿಡಿದು ನಿಂತುಬಿಟ್ಟಳು. ಗಂಗಮ್ಮನವರು ಬಂದು ನೋಡಿ, ನನ್ನನ್ನು ಹೊರಗೆ ಕರೆದರು.

"ಇದು ಸುಳ್ಳುನೋವಲ್ಲ ಕಣಪ್ಪ. ಇಂಗೆ ನಿಂತ್ಕಂಡ್ರೆ ಆಯ್ತದಾ? ಎತ್ತಿನ ಗಾಡಿ ಕಟ್ಟಿಸ್ಲಾ?"

ಎತ್ತಿನ ಗಾಡಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಏನಾಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಳಗೆ ನಳಿನಿ ಕೂಗುತ್ತಿರಲಿಲ್ಲ. ಅವಳು ಕೂಗದೆ ಇದ್ದುದೇ ನನಗೆ ಹೆಚ್ಚು ಭಯ ತಂದಿತು. ಸೈಕಲ್ ಹತ್ತಿ ಪೀಣ್ಯದ ಕಡೆ ಹೊರಟೆ. ಯಾವುದಾದರೂ ಕಾರ್ಖಾನೆಯಲ್ಲಿ ಒಂದು ವ್ಯಾನು, ಒಬ್ಬ ಡ್ರೈವರು ಸಿಕ್ಕಾನು ಎಂಬ ಆಸೆ. ಅದೂ ಆಗದಿದ್ದರೆ ಮುರಿದ ತುಂಡುಗಳನ್ನೇ ವಾಪಸು ತಂದು ಹೇಗಾದರೂ ಬೆಸೆಯುವುದು ಎಂಬ ಹುಚ್ಚು ಯೋಚನೆ.

ಪೀಣ್ಯವನ್ನು ನಾನು ಅಷ್ಟು ಮೌನವಾಗಿ ಎಂದೂ ಕಂಡಿರಲಿಲ್ಲ. ಹಿಂದಿನ ದಿನವೇ ಪೂಜೆ ಮುಗಿಸಿ ಎಲ್ಲರೂ ಊರಿಗೆ ಹೋಗಿದ್ದರು. ಗೇಟುಗಳಿಗೆಲ್ಲ ಬಾಳೆಕಂದು, ಮಾವಿನ ತೋರಣ, ಹೊರಗಿನಿಂದ ಬೀಗ. ರಸ್ತೆಯ ಮೇಲೆ ಒಡೆದ ಕುಂಬಳಕಾಯಿ ಮತ್ತು ಕುಂಕುಮ. ಒಂದು ಲಾರಿ ಹೂವಿನ ಹಾರ ಹಾಕಿಕೊಂಡು ನಿಂತಿತ್ತು, ಒಳಗೆ ಯಾರೂ ಇಲ್ಲ. ನಮ್ಮ ಕಾರ್ಖಾನೆಯ ಕಾವಲುಗಾರನೂ ಊರಿಗೆ ಹೋಗಿದ್ದ. ಹಿಂದಿನ ಬೀದಿಗೆ ತಿರುಗಿದಾಗ ಲೇತ್ ಓಡುತ್ತಿರುವ ಸದ್ದು ಕೇಳಿಸಿತು.

ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ಸದ್ದು ಕೇಳಿ ನನಗೆ ಮೈ ಜುಮ್ಮೆನ್ನಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಬೈಲಪ್ಪ ಮನಸ್ಸು ಬದಲಾಯಿಸಿ ಬಂದಿದ್ದಾನೆ ಎಂದುಕೊಂಡೆ, ಅಷ್ಟೆ. ಫ್ಯೂಸಿನ ನೆನಪೇ ಬರಲಿಲ್ಲ. ಬೈಲಪ್ಪನ ಶೆಡ್ಡಿನ ರೋಲಿಂಗ್ ಶಟರ್ ಪೂರ್ತಿ ಇಳಿದಿತ್ತು. ಸದ್ದು ಅದರ ಹಿಂದಿನಿಂದಲೇ ಬರುತ್ತಿತ್ತು, ಉಕ್ಕನ್ನು ಸಣ್ಣಗೆ ಸವರುವಾಗ ಬರುವಂಥದು. ನಾನು ಶಟರ್ ತಟ್ಟಿ ಬೈಲಪ್ಪನ ಹೆಸರು ಕೂಗಿದೆ.

"ಒಂದ್ನಿಮ್ಸ ಸಾರ್, ಆಯ್ತು" ಎಂದು ಒಳಗಿನಿಂದ ಧ್ವನಿ ಬಂತು.

ಗಂಡಸಿನ ಧ್ವನಿ. ಬೈಲಪ್ಪನದೇ ಎಂದು ಆಗ ಅನ್ನಿಸಿತು. ಈಗ ಆಣೆ ಮಾಡಿ ಹೇಳಲಾರೆ. ಯಂತ್ರ ನಿಂತಿತು, ಅದು ಸುತ್ತುತ್ತಾ ಸುತ್ತುತ್ತಾ ನಿಧಾನವಾಗುವ ಸದ್ದೂ ಕೇಳಿಸಿತು. ಶಟರ್ ಒಂದು ಗೇಣಿನಷ್ಟು ಮೇಲೆದ್ದಿತು. ಎಣ್ಣೆ ಮೆತ್ತಿದ ಒಂದು ಕೈ ಹೊರಗೆ ಬಂದು, ಯಂತ್ರ ಒರೆಸುವ ಹತ್ತಿಯ ವೇಸ್ಟಿನಲ್ಲಿ ಸುತ್ತಿದ ಕಡ್ಡಿಯನ್ನು ನೆಲದ ಮೇಲೆ ಇಟ್ಟಿತು. ಎತ್ತಿಕೊಂಡೆ. ಬೆಚ್ಚಗಿತ್ತು. ಆಗತಾನೆ ಕಡೆದ ಲೋಹ ಹಾಗೆಯೇ ಇರುತ್ತದೆ.

"ನೀರು ಪೂರ್ತಿ ತುಂಬ್ಸಿ ಆಮೇಲೆ ಸ್ಟಾರ್ಟ್ ಮಾಡಿ" ಎಂದಿತು ಧ್ವನಿ. ಶಟರ್ ಇಳಿಯಿತು. ನಾನು ಬಗ್ಗಿ ಒಳಗೆ ನೋಡಲಿಲ್ಲ. ನೋಡಲು ನನಗೆ ಪುರುಸೊತ್ತೂ ಇರಲಿಲ್ಲ, ಕಾರಣವೂ ಇರಲಿಲ್ಲ. ಬರ್ತೀನಿ ಬೈಲಪ್ಪ ಎಂದು ಕೂಗಿ ಸೈಕಲ್ ತುಳಿದೆ.

ಮನೆಯ ಮುಂದೆ ಹೊಂಗೆಮರದ ಕೆಳಗೆ ಕಾರಿನ ಬಾಯಿ ತೆರೆದು ಕೂತೆ. ಅಂದು ಸ್ಪ್ಯಾನರ್ ಮುಟ್ಟಬಾರದ ದಿನ. ಗಂಗಮ್ಮನವರು ಕಂಡೂ ಕಾಣದವರಂತೆ ಒಳಗೆ ಹೋದರು. ನನ್ನ ಕೈಯಲ್ಲಿ ಹೊಸ ಭಾಗ ಯಾವುದೂ ಒಂದೇ ಸಲಕ್ಕೆ ಕೂತದ್ದಿಲ್ಲ. ಒಂದೋ ಬಿಗಿ, ಇಲ್ಲವೋ ಸಡಿಲ, ಮತ್ತೆ ಬೈಲಪ್ಪನ ಹತ್ತಿರ ಓಡಬೇಕು. ಆ ಕಡ್ಡಿ ಮಾತ್ರ ತನ್ನ ಜಾಗ ತನಗೆ ಗೊತ್ತಿದ್ದಂತೆ ಒಳಗೆ ಹೋಯಿತು. ನೀರು ತುಂಬಿಸಿದೆ. ಸ್ಟಾರ್ಟ್ ಆಯಿತು. ನಳಿನಿಯನ್ನು ಹಿಂದೆ ಮಲಗಿಸಿ, ಗಂಗಮ್ಮನವರನ್ನು ಅವಳ ತಲೆಯ ಹತ್ತಿರ ಕೂರಿಸಿ ಹೊರಟೆ. ದಾರಿಯುದ್ದಕ್ಕೂ ನನ್ನ ಕಣ್ಣು ರೇಡಿಯೇಟರಿನಿಂದ ಆವಿ ಏಳುತ್ತದೆಯೇ ಎಂದು ನೋಡುತ್ತಿತ್ತು. ಏಳಲಿಲ್ಲ. ಆಸ್ಪತ್ರೆಗೆ ಹೋದ ಸ್ವಲ್ಪ ಹೊತ್ತಿಗೇ ಹೆಣ್ಣು ಮಗು ಹುಟ್ಟಿತು. ಸಣ್ಣದು, ಆದರೆ ಅಳುವ ಮಗು. ವರಾಂಡದ ಬೆಂಚಿನ ಮೇಲೆ ಕೂತು ಆ ಅಳು ಕೇಳಿ ನಾನೂ ಅತ್ತೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹಬ್ಬ ಕಳೆದ ಮೇಲೆ ಸಿಹಿ ತೆಗೆದುಕೊಂಡು ಬೈಲಪ್ಪನ ಶೆಡ್ಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು, "ಬೇಜಾರ್ ಮಾಡ್ಕಬೇಡಿ ಸಾರ್, ಈಗ್ತಾನೆ ಊರಿಂದ ಬಂದೆ, ಫ್ಯೂಸು ಇನ್ನೂ ಬಂದಿಲ್ಲ. ಬರ್ತಿದ್ದಂಗೆ ನಿಮ್ದೇ ಇಡಿತೀನಿ" ಎಂದ. ಮಣೆಯ ಮೇಲೆ ದೇವರ ಪಟದ ಮುಂದೆ, ಅಳತೆಯ ಸಾಮಾನುಗಳ ಜೊತೆಗೆ, ನನ್ನ ಮುರಿದ ತುಂಡುಗಳು ಅರಿಶಿನ ಕುಂಕುಮ ಹಚ್ಚಿಕೊಂಡು ಮಲಗಿದ್ದವು.

ನಾನು ನಡೆದದ್ದನ್ನು ಹೇಳಿದೆ. ತಮಾಷೆ ಎಂದುಕೊಂಡ. ನನ್ನ ಮುಖ ನೋಡಿ ಆಮೇಲೆ ಎದ್ದು ಲೇತಿನ ಹತ್ತಿರ ಹೋದ. ಅದು ತಿರುಗಿದರೆ ಮೊದಲು ಹರಿಯಬೇಕಾದದ್ದು ಅದಕ್ಕೆ ಸುತ್ತಿದ್ದ ಚೆಂಡುಹೂವಿನ ಹಾರ. ಹಾರ ಒಣಗಿ ಹಾಗೇ ಇತ್ತು. ಅಡಿಯ ತಟ್ಟೆಯಲ್ಲಿ ಒಂದು ಚೂರು ಉಕ್ಕಿನ ಸಿಪ್ಪೆ ಇರಲಿಲ್ಲ. ನಿಂತು ಕೆಲಸ ಮಾಡುವ ಜಾಗದಲ್ಲೇ ರಂಗೋಲಿ ಇತ್ತು, ಅದನ್ನು ಯಾರೂ ತುಳಿದಿರಲಿಲ್ಲ. ಬೈಲಪ್ಪ ಅದನ್ನೆಲ್ಲ ಒಂದೊಂದಾಗಿ ಬೆರಳು ಮಾಡಿ ತೋರಿಸಿದ. ನನಗೆ ಅಲ್ಲ, ತನಗೇ ತೋರಿಸಿಕೊಂಡಂತಿತ್ತು.

"ಆ ಪೀಸ್ ನೋಡ್ಬೇಕಲ್ಲ ಸಾರ್" ಎಂದ.

ಅಂದು ಸಂಜೆ ಮುರಿದ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಇಬ್ಬರೂ ಸೇರಿ ಪಂಪು ಬಿಚ್ಚಿ ಕಡ್ಡಿಯನ್ನು ತೆಗೆದೆವು. ಒರೆಸಿ ಇಳಿಬಿಸಿಲಿಗೆ ಹಿಡಿದಾಗ ನನಗೆ ಮೊದಲು ಕಂಡದ್ದು ಒಂದು ಗೀರು. ಮುರಿದ ಕಡ್ಡಿಯನ್ನು ಹೊರತೆಗೆಯುವಾಗ ನನ್ನ ಕೈಯಲ್ಲಿ ಉಳಿ ಜಾರಿ, ಅದರ ತುದಿಗೆ ಅರ್ಧಚಂದ್ರದಂತೆ ಒಂದು ಓರೆ ಗೀರು ಬಿದ್ದಿತ್ತು. ಕೆಲಸ ಬಾರದವನು ಮಾಡಿದ ಕೊಳಕು ಗುರುತು. ಈ ಕಡ್ಡಿಯ ತುದಿಯಲ್ಲೂ ಅದು ಇತ್ತು. ಬೈಲಪ್ಪ ಮುರಿದ ತುಂಡುಗಳನ್ನು ಜೋಡಿಸಿ ಪಕ್ಕದಲ್ಲಿ ಇಟ್ಟ. ಗೀರು ಅದೇ ಜಾಗ, ಅದೇ ಓರೆ. ಅಷ್ಟೇ ಅಲ್ಲ, ವರ್ಷಗಟ್ಟಲೆ ತಿರುಗಿ ನಡುವೆ ಸವೆದ ಉಂಗುರದಂಥ ಪಟ್ಟಿ ಎರಡರಲ್ಲೂ ಒಂದೇ ಕಡೆ ಇತ್ತು. ನೋಡಿ ಮಾಡಿದ ಹೊಸ ಭಾಗಕ್ಕೆ ಅಳತೆ ಬರುತ್ತದೆ. ಸವೆತ ಬರುವುದಿಲ್ಲ.

"ಇದು ಒಸಾದಲ್ಲ ಸಾರ್. ಇವೆರಡೂ ಒಂದೇ" ಎಂದ ಬೈಲಪ್ಪ. ಆಮೇಲೆ ಅದನ್ನು ಮುಟ್ಟಲಿಲ್ಲ. ಬೇರೆ ಮಾಡಿಕೊಡುತ್ತೇನೆ, ಇದನ್ನು ಇಟ್ಟುಕೊಳ್ಳಬೇಡಿ ಎಂದು ಹೇಳಿ, ಕಾಫಿಯನ್ನೂ ಕುಡಿಯದೆ ಗಂಗಮ್ಮನವರ ಬಾವಿಯ ಕಡೆಯಿಂದ ಹೊರಟುಹೋದ. ಜೋಡಿಸಿಟ್ಟ ತುಂಡುಗಳನ್ನು ಆ ಬಾವಿಗೆ ಹಾಕಿದವನು ಅವನೇ ಇರಬೇಕು, ಮಾರನೆಯ ದಿನ ಅವು ಕಾಣಲಿಲ್ಲ. ನಾನು ಆ ಕಡ್ಡಿಯನ್ನು ಮತ್ತೆ ಪಂಪಿಗೇ ಹಾಕಿದೆ. ಕಾರು ನಮ್ಮಲ್ಲಿದ್ದ ಅಷ್ಟೂ ವರ್ಷ ಅದು ತೊಂದರೆ ಕೊಡಲಿಲ್ಲ. ಮಾರಿದಾಗ ಅದರ ಜೊತೆಗೇ ಹೋಯಿತು.

ಪಕ್ಕದ ಶೆಡ್ಡಿನ ಯಾರೋ ಕದ್ದುಮುಚ್ಚಿ ಬಂದಿರಬಹುದು ಎಂದು ನೀವು ಹೇಳಬಹುದು. ಫ್ಯೂಸಿಲ್ಲದೆ, ಹಾರ ಹರಿಯದೆ, ರಂಗೋಲಿ ತುಳಿಯದೆ ಬಂದಿರಬೇಕು. ಗಾಬರಿಯಲ್ಲಿ ನನ್ನ ತಲೆ ಕೆಟ್ಟಿತ್ತು ಎನ್ನಬಹುದು. ಕೆಟ್ಟಿತ್ತು, ಒಪ್ಪುತ್ತೇನೆ, ಆದರೆ ಕಡ್ಡಿಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಗಾಬರಿ ಇಳಿದಿತ್ತು, ಬೈಲಪ್ಪನೂ ಇದ್ದ. ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಅದನ್ನು ಪರೀಕ್ಷಿಸಿ ನೋಡಬಹುದಿತ್ತಲ್ಲ ಎಂದು ಸ್ನೇಹಿತರು ಕೇಳಿದ್ದಾರೆ. ಪರೀಕ್ಷಿಸಿದ್ದರೆ ಅದು ಉಕ್ಕು ಎಂದು ಬರುತ್ತಿತ್ತು.

ನಳಿನಿಗೆ ನಾನು ಇದನ್ನು ಬಹಳ ಕಾಲ ಹೇಳಲಿಲ್ಲ. ಬಾಣಂತಿಗೆ ಯಾಕೆ ಎಂದು ಮೊದಲು, ಆಮೇಲೆ ನಗುತ್ತಾಳೆ ಎಂದು. ಮಗಳು ಶಾಲೆಗೆ ಹೋಗಲು ಶುರುಮಾಡಿದ ವರ್ಷ, ಒಂದು ಮಧ್ಯಾಹ್ನ, ಅವಳು ಮಗಳ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಾ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. ಆಶ್ಚರ್ಯಪಡಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಗುಂಡಿ ಹೊಲಿದು ಮುಗಿಸಿ, ದಾರ ಕಚ್ಚಿ ಕತ್ತರಿಸಿ, ನನ್ನ ಕಡೆ ನೋಡದೆಯೇ ಕೇಳಿದಳು.

"ಹಾಗಾದ್ರೆ ಮೊದಲ್ನೇ ಸಲ ಅವ್ರು ಎಲ್ಲಿದ್ರು?"

ಆ ದಿನ ಲೇತ್ ಹೇಗೆ ಓಡಿತು ಎಂದು ಯಾರು ಕೇಳಿದರೂ ನಾನು ಗೊತ್ತಿಲ್ಲ ಎಂದು ಸುಲಭವಾಗಿ ಹೇಳಿಬಿಡುತ್ತೇನೆ. ಅವಳು ಕೇಳಿದ್ದು ಅದಲ್ಲ. ಎದ್ದು ಹೋಗಿ ಮಗಳನ್ನು ಶಾಲೆಯಿಂದ ಕರೆದುಕೊಂಡು ಬಂದೆ.